ಒಲೆಯ ಮೇಲೆ ತೂಗುಹಾಕಿದ ತೋಟಾಗಳು

ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟುವಂತಿಲ್ಲ. ನಾನು ಹೆತ್ತು ಬಸವಳಿದಾಗ ಡಾಕ್ಟರು ಹೇಳಿದ ಮೊಟ್ಟೆಯನ್ನು ನನ್ನ ಅವ್ವ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ದನದ ಕೊಟ್ಟಿಗೆಯ ಹಿಂದೆ ತಿನ್ನಿಸಿದ್ದಳು. ಬಂದೂಕಿನ ತೋಟಾಗಳಿಗೆ ಮಾತ್ರ ದೇವರ ಮನೆಯಲ್ಲೇ ಜಾಗ. ವಿಭೂತಿಗಟ್ಟಿಯ ಪಕ್ಕದಲ್ಲಿ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ, ಅದರ ತುಂಬ ತೋಟಾ. ಹಿರೇಕೆರೂರಿನಿಂದ ಹಾನಗಲ್ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಆ ಡಬ್ಬಿ ಕಂಡರೆ ನನಗೆ ಹೇಸಿಗೆ. ಊದುಬತ್ತಿ ಹಚ್ಚಲು ಹೋದರೆ ಮೂಗಿಗೆ ಎಣ್ಣೆ ಮತ್ತು ಮದ್ದಿನ ವಾಸನೆ ಹೊಡೆಯುತ್ತಿತ್ತು.

ಬಂದೂಕು ಕಳ್ಳತನದ್ದಲ್ಲ. ಗೋವಿನಜೋಳಕ್ಕೆ ನುಗ್ಗುವ ಕಾಡಹಂದಿ ಬೆದರಿಸಲೆಂದು ಮಾವ ಲೈಸೆನ್ಸ್ ಮಾಡಿಸಿದ್ದ ಒಂಟಿ ನಳಿಗೆಯ ಬಂದೂಕು. ಮಾವ ತೀರಿಕೊಂಡ ಮೇಲೆ ಅದು ಯಾರ ಹೆಸರಿಗೆ ಆಗಬೇಕೆಂದು ಅಣ್ಣತಮ್ಮಂದಿರಿಗೆ ಜಗಳ ಹತ್ತಿತು. ಭಾವನ ಹೆಸರಿಗೆ ನನ್ನ ಗಂಡ ಒಪ್ಪಲಿಲ್ಲ, ಗಂಡನ ಹೆಸರಿಗೆ ಭಾವ ಒಪ್ಪಲಿಲ್ಲ. ಹೊಲ ಹಂಚಿಕೊಳ್ಳುವಾಗಲೂ ಇಷ್ಟು ಗುದ್ದಾಡಿರಲಿಲ್ಲ. ಕೊನೆಗೆ ಯಾರ ಹೊಟ್ಟೆಯೂ ಉರಿಯದಿರಲಿ ಎಂದು ನನ್ನ ಹೆಸರಿಗೆ ಮಾಡಿಸಿದರು. ಜಿರಲೆ ಹೊಡೆಯಲೂ ಹಿಂದೆಮುಂದೆ ನೋಡುವ ನಾನು ಬಂದೂಕಿನ ಒಡತಿಯಾದೆ.

ಒಡತಿ ಎನ್ನುವುದು ಹೆಸರಿಗಷ್ಟೇ. ಮನೆಯಲ್ಲಿ ಎಷ್ಟು ತೋಟಾ ಇರಬೇಕು ಎನ್ನುವುದನ್ನು ಭಾವನೇ ನಿರ್ಧರಿಸುತ್ತಿದ್ದರು. ಪ್ರತಿ ವರ್ಷ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಅಂಗಡಿಯವನು ಎಷ್ಟು ಕೊಡಬಹುದೋ ಅಷ್ಟನ್ನೂ ಕೊಳ್ಳಿಸುತ್ತಿದ್ದರು. ನಾನು ಸಹಿ ಹಾಕುವ ಕೈ, ಅಷ್ಟೇ.

"ಹ್ವಾದ ವರ್ಷದ್ದs ಡಬ್ಬಿ ತುಂಬ ಅದಾವಲ್ರಿ, ಮತ್ತ್ಯಾಕ?" ಎಂದು ಒಮ್ಮೆ ಕೇಳಿದೆ.

"ನಿನಗ ತಿಳಿಯಂಗಿಲ್ಲವಾ. ಪೂರಾ ತಗೊಳ್ಳಿಲ್ಲಂದ್ರ ಮುಂದಿನ ಸಲ ಕಡಿಮಿ ಮಾಡ್ತಾರ. ಇದ್ರ ಇರ್ಲಿ. ಶಿಗ್ಗಾವಿ ಬೀಗರ ಮನ್ಯಾಗ ಎರಡು ಡಬ್ಬಿ ಅದಾವಂತ" ಎಂದರು.

ಶಿಗ್ಗಾವಿಯ ಬೀಗರು ಎರಡು ಡಬ್ಬಿ ಇಟ್ಟರೆ ನಮಗೇನು? ಹಂದಿಗಳೇನು ಲೆಕ್ಕ ನೋಡಿ ಬರುತ್ತವೆಯೇ? ಮಾವನ ಕಾಲದಲ್ಲಿ ಆಕಾಶಕ್ಕೆ ಒಂದು ಹಾರಿಸಿದರೆ ಹಂದಿಗಳು ಓಡುತ್ತಿದ್ದವಂತೆ. ಈಗಿನವು ಸದ್ದಾದಾಗ ತಲೆಯೆತ್ತಿ ನೋಡಿ ಮತ್ತೆ ತೆನೆಗೆ ಬಾಯಿ ಹಾಕುತ್ತವೆ. ಅವು ನಿಜವಾಗಿ ಹೆದರುವುದು ಆಳುಗಳು ಬಡಿಯುವ ತಗಡಿನ ಸದ್ದಿಗೆ. ಇದು ಭಾವನಿಗೂ ಗೊತ್ತಿತ್ತು. ಆದರೂ ಕಟ್ಟೆಯ ಮೇಲೆ ಕೂತಾಗ, "ನಮ್ಮ ಮನ್ಯಾಗ ತೋಟಾಕ್ಕ ಬರ ಇಲ್ರಿ" ಎಂದು ಮೀಸೆಯ ಮೇಲೆ ಕೈ ಆಡಿಸದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಚುನಾವಣೆ ಬಂತು. ಊರಿನ ಲೈಸೆನ್ಸುದಾರರೆಲ್ಲ ನಿಯಮದಂತೆ ಬಂದೂಕನ್ನು ಹಾನಗಲ್ ಠಾಣೆಯಲ್ಲಿ ಇಟ್ಟುಬಂದರು, ನಾನೂ ಇಟ್ಟುಬಂದೆ. ತೋಟಾಗಳನ್ನೂ ಅಲ್ಲೇ ಕೊಟ್ಟುಬಿಡೋಣ ಎಂದದ್ದಕ್ಕೆ ಭಾವ ಹೌಹಾರಿದರು. "ಏಯ್, ಕೊಟ್ರ ತಿರುಗಿ ಬರ್ತಾವೇನ? ನಾ ಒಂದ್ ಕಡೆ ಚೊಲೋ ಇಟ್ಟಿರ್ತೇನಿ, ನೀ ಚಿಂತಿ ಮಾಡಬ್ಯಾಡ" ಎಂದರು. ಚುನಾವಣೆ ಮುಗಿಯಿತು, ಮಳೆ ಹಿಡಿಯಿತು, ಬಂದೂಕು ತರಲು ಯಾರಿಗೂ ಪುರುಸೊತ್ತಾಗಲಿಲ್ಲ. ಬಂದೂಕೇ ಇಲ್ಲದ ಮನೆಯಲ್ಲಿ ತೋಟಾ ಮಾತ್ರ ಉಳಿದವು.

ನಮ್ಮ ಅತ್ತೆ ಹಳೆಯ ಕಾಲದವರು. ಹೀರೆ, ಸೌತೆ, ಅವರೆ, ಕುಂಬಳದ ಬೀಜಗಳಿಗೆ ಬೂದಿ ಸವರಿ, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ಜಂತಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಹೊಗೆ ತಾಗಿದ ಬೀಜಕ್ಕೆ ಹುಳ ಬೀಳುವುದಿಲ್ಲ, ಥಂಡಿ ಹಿಡಿಯುವುದಿಲ್ಲ. ಗ್ಯಾಸ್ ಬಂದ ಮೇಲೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಆಗಬೇಕೆಂದು ಅವರು ಹಟ ಹಿಡಿದದ್ದಕ್ಕೆ ಈ ಗಂಟುಗಳೂ ಒಂದು ಕಾರಣ. ಕಣ್ಣಿಗೆ ಪರೆ ಬಂದಿತ್ತು. ಆದರೂ ಕೈಯಲ್ಲಿ ಹಿಚುಕಿಯೇ ಇದು ಹೀರೆ, ಇದು ಅವರೆ ಎನ್ನುತ್ತಿದ್ದರು.

ಭಾವ ತೋಟಾಗಳನ್ನು "ಚೊಲೋ ಇಟ್ಟದ್ದು" ಅಲ್ಲಿ. ದೇವರ ಮನೆಯ ಗೋಡೆ ಮಳೆಗೆ ಒಸರುತ್ತಿತ್ತಂತೆ, ಡಬ್ಬಿ ತುಕ್ಕು ಹಿಡಿದಿತ್ತಂತೆ. ಥಂಡಿ ಹಿಡಿಯದ ಜಾಗ ಒಲೆಯ ಮೇಲಿನದೊಂದೇ ಎಂದು, ತೋಟಾಗಳನ್ನು ಧೋತರದ ತುಂಡಿನಲ್ಲಿ ಕಟ್ಟಿ ಅತ್ತೆಯ ಬೀಜದ ಗಂಟುಗಳ ನಡುವೆ ತೂಗುಹಾಕಿದ್ದರು. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಬೀಜ ಮತ್ತು ಮದ್ದು ಎರಡನ್ನೂ ಒಂದೇ ಎಂದು ತಿಳಿದ ಆ ತಲೆಗೆ ಏನು ಹೇಳುವುದು?

ಮುಂಗಾರಿನ ಮಿರಗದ ಮಳೆ ಬಿಟ್ಟ ಒಂದು ಬೆಳಿಗ್ಗೆ. ಒಲೆ ಧಗಧಗ ಉರಿಯುತ್ತಿತ್ತು, ನಾನು ರೊಟ್ಟಿ ಬಡಿಯುತ್ತಿದ್ದೆ. ಹಿತ್ತಿಲಿನಲ್ಲಿ ಹೀರೇಬೀಜ ಊರಬೇಕೆಂದು ಅತ್ತೆ ಮಣೆಯ ಮೇಲೆ ನಿಂತು ಜಂತಿಗೆ ಕೈಯಿಟ್ಟರು. ಹೊಗೆಗೆ ಹಪ್ಪಳವಾಗಿದ್ದ ಧೋತರದ ಗಂಟು ಅವರ ಕೈ ತಾಗಿದ್ದೇ ಹರಿಯಿತು. ಏನೋ ದಡದಡ ಉದುರಿ ಒಲೆಯ ಸುತ್ತ ಹರಡಿತು, ಕೆಲವು ಬೆಂಕಿಯೊಳಗೇ ಬಿದ್ದವು.

"ಅಯ್ಯ ಶಿವನ, ನನ್ನ ಬೀಜ ಬಿದ್ದುವಲ್ಲs" ಎಂದು ಅತ್ತೆ ಕೆಳಗಿಳಿದು, ನಾನು ಬೇಡ ಎನ್ನುವಷ್ಟರಲ್ಲಿ ಒಲೆಯ ಬಾಯಿಗೆ ಬರಿಗೈ ಹಾಕಿದರು.

ಸಿಡಿಯಿತು. ಬೂದಿ, ಕೆಂಡ, ಹೆಂಚಿನ ಮೇಲಿನ ರೊಟ್ಟಿ ಎಲ್ಲ ಮೇಲಕ್ಕೆ ಹಾರಿದವು. ಅತ್ತೆಯನ್ನು ಹಿಂದಕ್ಕೆ ಎಳೆದು, ಕೊಡದ ನೀರನ್ನು ಒಲೆಗೆ ಸುರಿದೆ. ಅವರ ಬಲಗೈ ಬೆಂದು ಸೀಳಿತ್ತು, ಸೆರಗು ತೊಯಿಸಿ ಅದಕ್ಕೆ ಸುತ್ತಿದೆ.

ಭಾವ ಅಂಗಳದಿಂದ ಓಡಿಬಂದರು. ಅತ್ತೆ ನೆಲದ ಮೇಲೆ ಕೈ ಹಿಡಿದುಕೊಂಡು ನರಳುತ್ತಿದ್ದರು. ಭಾವ ನೋಡಿದ್ದು ಒಲೆಯ ಕಡೆ.

"ನೀರ್ ಯಾಕ ಸುರುವಿದಿ? ತೊಯ್ದ್ರ ಒಂದೂ ಹಾರಂಗಿಲ್ಲ!"

ಆ ಮಾತನ್ನು ನಾನು ಎಷ್ಟೋ ಸಲ ನನ್ನೊಳಗೆ ತಿರುಗಿಸಿ ನೋಡಿದ್ದೇನೆ. ಗಾಬರಿಯಲ್ಲಿ ಬಂದಿರಬಹುದು ಎಂದುಕೊಂಡರೂ ಸಮಾಧಾನವಾಗುವುದಿಲ್ಲ. ಛೀ ಎನ್ನುವುದನ್ನು ಬಿಟ್ಟು ಬೇರೆ ಏನೂ ಬಾಯಿಗೆ ಬರುವುದಿಲ್ಲ.

ಹಾನಗಲ್ಲಿನ ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಭಾವ ಥಟ್ಟನೆ, "ಕುಕ್ಕರ್ ಸಿಡೀತ್ರಿ" ಎಂದರು. ನನ್ನ ಗಂಡನೂ ತಲೆ ಅಲ್ಲಾಡಿಸಿದ. ಜಗಳವಾಡಿದ ಅಣ್ಣತಮ್ಮ ಆ ಸುಳ್ಳಿಗೆ ಮಾತ್ರ ಒಂದಾದರು.

"ಕುಕ್ಕರ್ ಅಲ್ರಿ, ಬಂದೂಕಿನ ತೋಟಾ. ಲೈಸೆನ್ಸ್ ನನ್ನ ಹೆಸರಿಲೇ ಐತ್ರಿ" ಎಂದೆ ನಾನು.

ಕೈ ಉಳಿಯಿತು, ಎರಡು ಬೆರಳು ಮಡಚಲು ಬರದಂತಾದವು. ರೊಟ್ಟಿ ಬಡಿಯುವ ಕೈ ಅದು. ಆ ಕೈಗೆ ಕಟ್ಟು ಕಟ್ಟಿಸಿಕೊಂಡು ಅತ್ತೆ ಪಡಸಾಲೆಯಲ್ಲಿ ಮಲಗಿದ್ದರೆ, ಅವರ ಕಾಲ ಬಳಿ ಕೂತು ಅಣ್ಣತಮ್ಮ ಚೌಕಾಶಿ ನಡೆಸಿದ್ದರು. ತೊಯ್ದವನ್ನು ಬಿಸಾಕೋಣ, ಒಣಗಿದವನ್ನು ಇಟ್ಟುಕೊಳ್ಳೋಣ ಎಂದು ಅಣ್ಣ. ಅಷ್ಟು ಬೇಡ, ಅರ್ಧ ಇರಲಿ ಎಂದು ತಮ್ಮ. ಸಂತೆಯಲ್ಲಿ ಬದನೆಕಾಯಿ ಆರಿಸುವವರೂ ಇಷ್ಟು ನಿಶ್ಚಿಂತೆಯಿಂದ ಮಾತಾಡುವುದಿಲ್ಲ.

ನಾನು ಎಲ್ಲವನ್ನೂ ಚೀಲಕ್ಕೆ ತುಂಬಿ, ಗಂಡನಿಗೆ ಬೈಕು ಹೊರಗೆ ತೆಗೆ ಎಂದೆ. ನನ್ನ ಮುಖ ನೋಡಿ ಅವನು ಬೈಕು ತೆಗೆದ. ಠಾಣೆಯಲ್ಲಿ ಪೊಲೀಸಿನವರು ಲೈಸೆನ್ಸ್ ನೋಡಿ, "ಮನ್ಯಾಗ ಎಷ್ಟ್ ಇಟ್ಕೊಂತೀರಿ ಅಕ್ಕಾರ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದವರು ಅವರೊಬ್ಬರೇ.

"ಒಂದೂ ಬ್ಯಾಡ್ರಿ. ಬಂದೂಕಾನೂ ಒಯ್ಯಂಗಿಲ್ಲ" ಎಂದೆ.

ಭಾವ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ. ಮನೆತನದ ಮರ್ಯಾದೆ ಹೋಯಿತೆಂದು ಊರೆಲ್ಲ ಹೇಳಿಕೊಂಡು ಬಂದರು. ಆ ವರ್ಷವೂ ಹಂದಿ ಬಂದವು, ಆಳುಗಳು ತಗಡು ಬಡಿದರು, ತಿಂದಷ್ಟು ತಿಂದು ಹೋದವು.

ಮಹಾನವಮಿಯ ಖಂಡೇಪೂಜೆಯ ದಿನ ಕುಡುಗೋಲು, ಕೊಡಲಿ, ಸಲಿಕೆಗಳ ಸಾಲಿನಲ್ಲಿ ಹೊಳೆಯುವುದೇನೋ ಕಂಡಿತು. ಹಿಂದೆಂದೋ ಹಾರಿಸಿದ ತೋಟಾದ ಖಾಲಿ ಕೊಳವೆ. ಎಲ್ಲಿ ಬಚ್ಚಿಟ್ಟಿದ್ದರೋ, ಅದರ ಹಿತ್ತಾಳೆಯನ್ನು ಭಾವ ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಬಳಿದು, ಹೂವು ಏರಿಸಿದ್ದರು. ಬೆಂದ ಕೈಯ ತಾಯಿಯೇ ಬಂದು ಆರತಿ ಮಾಡಲಿ ಎಂದು ಕಾಯುತ್ತ ಕೂತಿದ್ದರು.

ಅತ್ತೆ ಎಡಗೈಯಲ್ಲಿ ಗೋಡೆ ಹಿಡಿದು ಬಂದರು. ಪರೆ ಬಂದ ಕಣ್ಣಿಗೆ ಹೊಳಪಷ್ಟೇ ಕಂಡಿರಬೇಕು. ಮಡಚದ ಬೆರಳುಗಳ ಕೈಯನ್ನು ಅದರ ಹತ್ತಿರ ಒಯ್ದು, ಮುಟ್ಟದೆ ಅಲ್ಲೇ ನಿಲ್ಲಿಸಿ, ಮಗನನ್ನು ಕೇಳಿದರು:

"ಇದು ಬಿಸಿ ಐತೇನೋ ಯಪ್ಪಾ?"