ಬಚ್ಚಲಿನಲ್ಲಿ ಬೀಗರು

ಬಂದವರಿಗೆಲ್ಲ ಮನೆ ತೋರಿಸುವ ಉತ್ಸಾಹಿಗಳನ್ನು ನೀವೂ ಕಂಡಿರುತ್ತೀರಿ. ದೇವರ ಕೋಣೆಯಿಂದ ಹಿಡಿದು ಅಟ್ಟದ ಉಪ್ಪಿನಕಾಯಿ ಭರಣಿಯವರೆಗೆ ಸವಿಸ್ತಾರ ವ್ಯಾಖ್ಯಾನ ನೀಡುವ ಆ ಗೃಹಸ್ಥರು, ಬಚ್ಚಲಿನ ಬಾಗಿಲು ಬಂತೆಂದರೆ ಮಾತ್ರ ‘ಇದು ಹೀಗೇ’ ಎಂದು ಕೈಬೀಸಿ ಹೆಜ್ಜೆ ಚುರುಕುಗೊಳಿಸುತ್ತಾರೆ. ದಿನವೂ ನಮ್ಮನ್ನು ಶುದ್ಧಗೊಳಿಸುವ ಕೋಣೆಯ ಬಗ್ಗೆ ಇಷ್ಟೊಂದು ಅವಜ್ಞೆ ಏಕೋ ತಿಳಿಯದು. ನಮ್ಮ ಮನೆಯಲ್ಲಿ ಹಾಗಿಲ್ಲ, ಅದಕ್ಕೊಂದು ಕಾರಣವಿದೆ.

ಯಡ್ತರೆಯ ನಮ್ಮ ಹಂಚಿನ ಮನೆಗೆ ಕಡಲ ಗಾಳಿ ಹೇಳದೆ ಕೇಳದೆ ಬರುವ ನೆಂಟ. ಮೊಬೈಲು ಊರಿಗೆ ಆಗಷ್ಟೇ ಕಾಲಿಟ್ಟಿದ್ದ ಆ ವರ್ಷ, ಕಾಲೇಜಿನಲ್ಲಿ ಪಾಠ ಹೇಳಿ ಕೂಡಿಟ್ಟದ್ದನ್ನೆಲ್ಲ ಸುರಿದು ನಾನು ಮನೆಗೊಂದು ಸುಧಾರಣೆ ತಂದೆ: ಬಚ್ಚಲಿಗೆ ಕಾಂಕ್ರೀಟಿನ ತಾರಸಿ. ಬಿಸಿನೀರಿನ ಹಂಡೆಯ ಪಕ್ಕದಲ್ಲಿ ಕುಳಿತು ಮನಸಾರೆ ಮೀಯುವುದು ನನ್ನ ಏಕೈಕ ಭೋಗವಾದ್ದರಿಂದ, ಅಲ್ಲಿ ನೆತ್ತಿಯ ಮೇಲೆ ಮಳೆನೀರು ತೊಟ್ಟಿಕ್ಕುವುದು ನನಗೆ ಸಹ್ಯವಾಗಿರಲಿಲ್ಲ. ಅಪ್ಪಯ್ಯ ಮಾತ್ರ ಬಂದವರ ಮುಂದೆಲ್ಲ, “ಮೀವ್ಕೆ ತಾರ್ಸಿ, ಮನಿಕಂಬ್ಕೆ ಹಂಚ್. ನಮ್ ಮಾಸ್ತರ್ರ ಬುದ್ಧಿ ಕಾಣಿ,” ಎಂದು ನನ್ನ ಮರ್ಯಾದೆಯನ್ನು ಹರಾಜಿಗಿಡುತ್ತಿದ್ದರು.

ಆಗ ಮನೆಯವರೆಲ್ಲರ ಚಿಂತೆ ನನ್ನ ತಂಗಿಯ ಮದುವೆಯದ್ದು. ಅವಳ ಹೆಸರು ಮೃದುಲಾ. ತೊಟ್ಟಿಲ ಕೂಸಿಗೆ ಹೆಸರಿಡುವವರಿಗೆ ಭವಿಷ್ಯಜ್ಞಾನ ಇರುವುದಿಲ್ಲ ಎಂಬುದಕ್ಕೆ ಜೀವಂತ ನಿದರ್ಶನ. ಅಂಗಳದಲ್ಲಿ ನಿಂತು ಅವಳು ಕರುವನ್ನು ಕರೆದರೆ ಬೈಲಿನಾಚೆಯ ಮನೆಯ ದನವೂ ತಲೆಯೆತ್ತುತ್ತಿತ್ತು. ನೋಡಲು ಬಂದ ಸಂಬಂಧದವರೆಲ್ಲ ‘ಹುಡುಗಿ ಲಾಯ್ಕಿದ್ದಾಳೆ, ಸ್ವರವೇ ಸ್ವಲ್ಪ…’ ಎಂದು ಅರ್ಧಕ್ಕೆ ನಿಲ್ಲಿಸಿ ಹೋದವರು ಮತ್ತೆ ತಿರುಗಿ ನೋಡಿರಲಿಲ್ಲ. ಅವಳು ನಗುತ್ತಲೇ ಇದ್ದಳು, ಆದರೆ ಮನೆಯೊಳಗೆ ಮಾತಾಡುವುದನ್ನು ಕಡಿಮೆ ಮಾಡಿದ್ದಳು. ಅದು ನನಗೆ ತೀರಾ ಬೇಸರದ ಸಂಗತಿಯಾಗಿತ್ತು.

ಆಸಾಡಿ ತಿಂಗಳು ಬಂದರೆ ಶುಭಕಾರ್ಯದ ಮಾತೆತ್ತುವಂತಿಲ್ಲವೆಂದು, ಮಳೆಗಾಲ ಹೊಸ್ತಿಲಲ್ಲಿದ್ದಾಗಲೇ ಹಾಲಾಡಿ ಕಡೆಯಿಂದ ಒಂದು ಸಂಬಂಧ ಬಂತು. ಅಲ್ಲಿನ ಪೇಟೆಯಲ್ಲಿ ಹೋಟೆಲಿಟ್ಟಿರುವ ಹುಡುಗ, ಅವನ ತಂದೆ, ತಾಯಿ. ಅಮ್ಮ ಮೊದಲೇ ಮಗಳನ್ನು ಅಡುಗೆಮನೆಯಲ್ಲಿ ಕಟ್ಟಿಹಾಕಿ, “ಕೇಂಡದ್ದಕ್ಕೆ ತಲಿ ಆಡ್ಸ್, ಸಾಕ್. ಬಾಯಿ ಬಿಡ್ಬೇಡ,” ಎಂದು ಆಣೆ ಹಾಕಿಸಿಕೊಂಡಿದ್ದಳು. ಮೃದುಲಾ ಮೌನಗೌರಿಯಾಗಿ ಕಾಫಿ ತಂದಿಟ್ಟಳು. ಹುಡುಗನ ತಂದೆಯೂ ಮಿತಭಾಷಿ. ಯಾರೇನು ಹೇಳಿದರೂ ಮುಗುಳ್ನಕ್ಕು ತಲೆಯಾಡಿಸುತ್ತಿದ್ದರು. ಎಂಥ ಸೌಜನ್ಯ ಎಂದು ನಾನು ಬೆರಗಾಗಿ, ನಮ್ಮ ವಂಶದ ಹಿರಿಮೆಯ ಬಗ್ಗೆ ಸಿದ್ಧಪಡಿಸಿಟ್ಟಿದ್ದ ಭಾಷಣವನ್ನು ಅವರಿಗೇ ಅರ್ಪಿಸತೊಡಗಿದೆ.

ಮುತ್ತಜ್ಜನವರೆಗೆ ಬಂದಿದ್ದೆನಷ್ಟೆ, ಪಡುವಣ ದಿಕ್ಕು ಕಪ್ಪಾಯಿತು. ಎಂದಿನ ಮಳೆಯಲ್ಲ ಅದು. ಗಾಳಿ ಮೊದಲು ಕೊಟ್ಟಿಗೆಯ ತಗಡನ್ನು ಒಯ್ದಿತು, ಆಮೇಲೆ ನಮ್ಮ ಮಾಡಿನ ಹಂಚುಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ತೆಂಗಿನ ಹಸಿ ಮಡಲೊಂದು ಮಾಡನ್ನು ಸೀಳಿಕೊಂಡು ಚಾವಡಿಯ ಮಧ್ಯೆ, ಕಾಫಿ ಲೋಟಗಳ ಮೇಲೆಯೇ ಬಿತ್ತು. ಆಗ ಮನೆಯಲ್ಲಿ ಗಟ್ಟಿ ಸೂರಿದ್ದ ಕೋಣೆ ಯಾವುದೆಂದು ನಾನು ಹೇಳಬೇಕಾಗಿಲ್ಲ.

ಹಾಗೆ ಭಾವಿ ಬೀಗರೂ ನಾವೂ ಕೂಡಿ ಬಚ್ಚಲು ಸೇರಿದೆವು. ಮೀಯುವ ಕಲ್ಲಿನ ಮೇಲೆ ಹುಡುಗನ ತಂದೆ, ಬೋರಲು ಹಾಕಿದ ಬಾಲ್ದಿಯ ಮೇಲೆ ತಾಯಿ, ಕಟ್ಟಿಗೆ ರಾಶಿಯ ಮೇಲೆ ಅಪ್ಪಯ್ಯ. ತಾರಸಿಯ ಶಿಲ್ಪಿಯಾದ ನನಗೆ ನೀರು ಹರಿಯುವ ತೂಬಿನಲ್ಲಿ ಒಂದು ಕಾಲಿಡುವಷ್ಟು ಜಾಗ. ಬಾಗಿಲ ಚಿಲಕ ಕಿತ್ತುಹೋಗಿ, ಹುಡುಗ ತನ್ನ ಬೆನ್ನನ್ನೇ ಅಗುಳಿ ಮಾಡಿಕೊಂಡು ನಿಂತ. ಹೊರಗಿನ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ಬಾಯಿ ತೆರೆದು ಮುಚ್ಚುತ್ತಿದ್ದೆವು.

ಆಗ ಮೃದುಲಾಳ ಆಣೆ ಮುರಿಯಿತು. “ಹ್ವಾಯ್, ಬಾಗ್ಲ್ ಬಿಡ್ಬೇಡಿ, ಕಾಲ್ ಗಟ್ಟಿ ಊರಿ. ಮಾವಯ್ಯ, ಈಚಿಗ್ ಸರೀನಿ, ಹಂಡಿ ಸುಡತ್ತ್. ಅಮ್ಮ, ಬೆಂಕಿ ದೂಡ್, ಹಲ್ಸಿನ ಬೀಜ ಸುಡ್ವ.” ಸಿಡಿಲೂ ಒಮ್ಮೆ ನಿಂತು ಕೇಳಿಸಿಕೊಂಡಿರಬೇಕು. ಅಮ್ಮ ತಲೆಯ ಮೇಲೆ ಕೈಹೊತ್ತಳು. ಈ ಸಂಬಂಧವೂ ಹಂಚಿನ ಜೊತೆಯೇ ಹಾರಿತೆಂದು ನಾನೂ ಅಂದುಕೊಂಡೆ.

ಆದರೆ ಮೀಯುವ ಕಲ್ಲಿನ ಮೇಲಿದ್ದ ಹಿರಿಯರು ಕಣ್ಣರಳಿಸಿ ಹೆಂಡತಿಯ ಕಡೆ ತಿರುಗಿದರು. “ಕೇಂತ್ ಮಾರಾಯ್ತಿ. ಬಂದಲ್ಲಿಂದ ಎಲ್ರ್ ಬಾಯಿ ಆಡೂದ್ ಕಂಡೆ, ಮಾತ್ ಕೇಂಡದ್ದ್ ಈ ಹೆಣ್ಣಿಂದ್ ಮಾತ್ರ.” ಅವರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಗತೊಡಗಿದರು. ಗಂಡನ ಕಿವಿ ಮಂದವೆಂದು ಗೊತ್ತಾದರೆ ಹೆಣ್ಣಿನ ಕಡೆಯವರು ಹಿಂದೆ ಸರಿದಾರೆಂದು, ‘ಸುಮ್ಮನೆ ತಲೆಯಾಡಿಸಿ’ ಎಂದು ಕಲಿಸಿ ಕರೆತಂದದ್ದು ಅವರೇ ಅಂತೆ. ನಾವು ಸ್ವರ ಬಚ್ಚಿಟ್ಟಿದ್ದೆವು, ಅವರು ಕಿವಿ ಬಚ್ಚಿಟ್ಟಿದ್ದರು. ನನ್ನ ಮುತ್ತಜ್ಜನ ಚರಿತ್ರೆಯೆಲ್ಲ ಗಾಳಿಗೆ ಹೋಗಿತ್ತು.

ಸುಟ್ಟ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೈ ಮುಖವೆಲ್ಲ ಮಸಿಯಾಗಿ ಎಲ್ಲರೂ ಕಾರಣವಿಲ್ಲದೆ ನಗುತ್ತಿದ್ದಾಗ, ಬಾಗಿಲಿಗೆ ಬೆನ್ನು ಕೊಟ್ಟವನು ಗಂಟಲು ಹರಿಯುವಂತೆ ಕೂಗಿದ: “ನಿಮ್ಗೆ ಒಪ್ಗಿಯಾ?” ಮೃದುಲಾ ಉಸಿರು ತುಂಬಿಕೊಂಡಳು. ಗಾಳಿಗೆ ಅದೇನು ತುಂಟತನವೋ, ಸರಿಯಾಗಿ ಅದೇ ಕ್ಷಣಕ್ಕೆ ಸ್ತಬ್ಧವಾಯಿತು. “ಹೌದ್, ನಂಗ್ ಒಪ್ಗಿ,” ಎಂಬ ಅವಳ ಮಾತು ಇಡೀ ಬೈಲಿನ ಕಿವಿಗೆ ಬಿತ್ತು. ಆಚೆ ಮನೆಯಿಂದ ಯಾರೋ, “ಯಾರಿಗೆ ಒಪ್ಗಿ, ಎಂತಕ್ಕೆ?” ಎಂದು ಕೂಗಿ ಕೇಳಿದರು. ಅಪ್ಪಯ್ಯ ಕಟ್ಟಿಗೆ ರಾಶಿಯಿಂದ ಜಾರಿ ಬಿದ್ದು, ಬಿದ್ದಲ್ಲಿಂದಲೇ ತಾರಸಿಯನ್ನು ದಿಟ್ಟಿಸಿ, “ಮಾಸ್ತರ್ರಿಗೆ ಬುದ್ಧಿ ಇತ್ತ್,” ಎಂದರು.

ಈಗ ಮನೆಯ ಉದ್ದಗಲಕ್ಕೂ ತಾರಸಿಯಿದೆ, ಚಾವಡಿಯಲ್ಲಿ ಸೋಫಾ ಇದೆ. ಆದರೂ ಬಂದವರಿಗೆ ಮನೆ ತೋರಿಸುವಾಗ ನಾನು ಬಚ್ಚಲಿನಿಂದಲೇ ಆರಂಭಿಸುತ್ತೇನೆ. ಮಳೆಗಾಲಕ್ಕೊಮ್ಮೆ ಸೊಸೆಯ ಜೊತೆ ಬರುವ ಆ ಹಿರಿಯರಂತೂ ಸೋಫಾದ ಕಡೆ ನೋಡುವುದೂ ಇಲ್ಲ. ನೇರ ಹೋಗಿ ಮೀಯುವ ಕಲ್ಲಿನ ಮೇಲೆ ಕುಳಿತು, ಬೆಂಕಿಗೆ ಕೈಯೊಡ್ಡಿ, “ಹೆಣ್ಣೇ, ಎಂತಾರೂ ಮಾತಾಡ್,” ಎನ್ನುತ್ತಾರೆ. ಮೃದುಲಾ ಮಾತಾಡುತ್ತಾಳೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ನಾವು ಕಿವಿ ಮುಚ್ಚಿಕೊಂಡು.