ಸಮಂದರ್ ದಸ್ತಗೀರರ ಮೊದಲ ಸಮುದ್ರ

ಶಹಾಬಾದದಲ್ಲಿ ಗುಲಾಮ ದಸ್ತಗೀರರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಸಮಂದರ್ ದಸ್ತಗೀರರ ಮನೆ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ಅವರು ನನ್ನ ತಾಯಿಯ ಅಣ್ಣ. ಅವರ ಮಗಳು ಹುಮೇರಾಳನ್ನು ಕಟ್ಟಿಕೊಂಡ ಮೇಲೆ ಹೆಣ್ಣು ಕೊಟ್ಟ ಮಾವನೂ ಆದರು. ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ಆಯುಷ್ಯ ಕಳೆದ ಮನುಷ್ಯ. ಹುಬ್ಬಿನ ಬಿಳುಪು ವಯಸ್ಸಿನದೋ ಕಲ್ಲಿನ ಹುಡಿಯದೋ ಎಂದು ಅವರ ಹೆಂಡತಿಗೂ ಗೊತ್ತಿಲ್ಲ. ಬೇಸಗೆಯಲ್ಲಿ ಕಾಗಿಣಾ ಹೊಳೆಯ ನೀರು ಮೊಣಕಾಲು ಮುಟ್ಟದ ಈ ಸೀಮೆಯಲ್ಲಿ ಇಂಥವರಿಗೆ ಸಮುದ್ರದ ಹೆಸರು ಅಂಟಿಕೊಂಡದ್ದು ಅವರ ಬಾಯಿಯ ದೆಸೆಯಿಂದ.

ಕಥೆ ಏನೆಂದರೆ, ಹುಮೇರಾ ಹುಟ್ಟಿದ ವರ್ಷ ನಮ್ಮೂರಿನ ಕಲ್ಲಿನ ಯಾರ್ಡಿನಿಂದ ಒಂದು ತಂಡ ಸಮುದ್ರದ ಕಡೆ ಹೋಯಿತು. ಅಲ್ಲಿ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ದಂಡೆಗುಂಟ ಜನ ನಡೆದಾಡುವ ಹಾದಿ ಮಾಡುತ್ತಿದ್ದರು. ಅದಕ್ಕೆ ಶಹಾಬಾದ ಕಲ್ಲು ಹಾಸಲು ಹೋದವರಲ್ಲಿ ಮಾವನೂ ಒಬ್ಬರು. ಮೂರು ತಿಂಗಳು ಅಲ್ಲೇ ಇದ್ದರಂತೆ. ಖಂಡಪ್ಪನ ಚಹದಂಗಡಿಯ ಬಾಕಿನ ಮೇಲೆ ಕೂತು ಅವರು ಆ ಮೂರು ತಿಂಗಳನ್ನು ಸುಮಾರು ಮೂವತ್ತು ವರ್ಷ ಹೇಳಿದ್ದಾರೆ. ನಾನು ಚಡ್ಡಿ ಹಾಕುತ್ತಿದ್ದಾಗ ಅಲೆಗಳು ತೆಂಗಿನ ಮರದಷ್ಟಿದ್ದವು. ನನ್ನ ಮದುವೆಯ ಹೊತ್ತಿಗೆ ಸಿಮೆಂಟ್ ಕಾರ್ಖಾನೆಯ ಚಿಮಣಿಗೆ ಬಂದವು. ಮೀನುಗಳು ಮೊದಲು ಎಮ್ಮೆಯಷ್ಟಿದ್ದು, ಆಮೇಲೆ ವಾಡಿ ಜಂಕ್ಷನ್ನಿನ ಗೂಡ್ಸ್ ಡಬ್ಬಿಯಷ್ಟಾದವು. ಒಂದು ಮೀನಂತೂ ನೀರಿನಿಂದ ಎದ್ದು ಮಾವನಿಗೆ ಸಲಾಂ ಹೊಡೆದು ಹೋಯಿತು. ನನ್ನ ಅತ್ತೆ ತಾಜುನ್ನಿಸಾ ಮಾತ್ರ ಮನೆಯಲ್ಲಿ ಈ ಕಥೆ ಶುರುವಾದ ಕೂಡಲೇ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದರು.

ಇದರಲ್ಲಿ ಒಂದಕ್ಷರವನ್ನೂ ನಂಬದವರು ಹಣಮಪ್ಪ ಕಾಕಾ. ಮಾವನ ಪಕ್ಕದ ಮಷೀನಿನವರು. ಹವಾಮಾನದ ಸುದ್ದಿಯನ್ನಾಗಲಿ, ಡಾಕ್ಟರನ ಚೀಟಿಯನ್ನಾಗಲಿ, ಸ್ವಂತ ಹೆಂಡತಿಯನ್ನಾಗಲಿ ನಂಬಿದವರಲ್ಲ. ಯಾರ್ಡಿಗೆ ಅವರು ಸೇರಿದ್ದು ಆ ತಂಡ ವಾಪಸು ಬಂದ ಮೇಲೆ. ತಂಡದವರಲ್ಲಿ ಕೆಲವರು ತೀರಿಕೊಂಡರು, ಉಳಿದವರು ತೆಲಂಗಾಣದ ಕಡೆ ಹೋಗಿಬಿಟ್ಟರು. ಸಾಕ್ಷಿಯಿಲ್ಲದ ಕೇಸಾದ್ದರಿಂದ ಇಬ್ಬರೂ ದಿನಾ ಚಹದ ಹೊತ್ತಿಗೆ ವಾದ ನಡೆಸುತ್ತಿದ್ದರು.

ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಹುಮೇರಾ ಮೊಬೈಲಿನಲ್ಲಿ ಆ ಹಾದಿಯನ್ನು ನೋಡಿಬಿಟ್ಟಳು. ಏರಿಲ್ಲ, ಇಳಿಜಾರಿಲ್ಲ, ಮಂಡಿನೋವಿನವರೂ ನಡೆಯಬಹುದು, ಎಡಕ್ಕೆ ಕಾಡು, ಬಲಕ್ಕೆ ಕಡಲು. ಮಾತಿಗೊಂದು ಕಾಸು ಕೊಡಬೇಕೆನ್ನುವ ಹಾಗೆ ಆಡುವ ನನ್ನ ಹೆಂಡತಿ ಅವತ್ತು ಚಹದಂಗಡಿಗೇ ಬಂದು, ಎಲ್ಲರೆದುರು ಹೇಳಿದಳು.

"ಅಬ್ಬಾ, ನೀವು ಹಾಕಿದ ಕಲ್ಲು ನೋಡಲಿಕ್ಕ ಹೋಗಾಣು. ಮುಜೀಬ ಕ್ರೂಸರ್ ಹೊಡೀತಾನ."

ಮುಜೀಬ ಎಂದರೆ ನಾನು. ಮಾವನ ಕೈಯಲ್ಲಿದ್ದ ಭಜಿ ಬಾಯಿಯ ದಾರಿ ಮರೆಯಿತು. ಹಣಮಪ್ಪ ಕಾಕಾ ಮಾತ್ರ ಲಾಟರಿ ಹತ್ತಿದವರ ಹಾಗೆ ಎದ್ದು ನಿಂತರು.

"ನಾನೂ ಬರ್ತೀನಿ! ಅಲ್ಲಿ ನಮ್ಮ ಕಲ್ಲು ಇದ್ರ ನಿನ್ನ ಕಾಲಿಗಿ ಬೀಳ್ತೀನಿ, ದಸ್ತಗೀರ. ಇಲ್ದಿದ್ರ ಇದೇ ಬಾಕಿನ ಮ್ಯಾಲ ನಿಂತು ಊರಿಗೆಲ್ಲ ಹೇಳ್ತೀನಿ, ಇಂವ ಮೂವತ್ತು ವರ್ಷ ನಮಗ ಟೋಪಿ ಹಾಕ್ಯಾನ ಅಂತ."

"ಬಾ, ಬಾ," ಎಂದರು ಮಾವ. ಧ್ವನಿ ಬೇರೆ ಯಾರದೋ ಇದ್ದ ಹಾಗಿತ್ತು.

ಹೊರಟೆವು, ಅತ್ತೆಯೂ ಸೇರಿ ಐವರು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಹಣಮಪ್ಪ ಕಾಕಾ ಜೊತೆಗಿದ್ದರೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತೇವೆ, ಬೈದರೆ ಅವರಿಗೂ ತಿಳಿಯಲಿ ಎಂದು. ದಾರಿಯುದ್ದಕ್ಕೂ ಕಾಕಾ ಖುಷಿಯಿಂದ ಶೇಂಗಾ ತಿಂದರು, ಮಾವ ಕಿಟಕಿ ನೋಡಿದರು. ಮರುದಿನ ಬೆಳಗ್ಗೆ ಘಟ್ಟ ಇಳಿದು ಒಂದು ಹೋಟೆಲಿನ ಮುಂದೆ ನಿಂತಾಗ ಮಾವ ನನ್ನನ್ನು ಗಾಡಿಯ ಹಿಂದಕ್ಕೆ ಕರೆದರು.

"ಮುಜೀಬ, ಗಾಡಿ ಪಂಚರ್ ಮಾಡಲಿಕ್ಕ ಬರ್ತದೇನು?"

"ಯಾಕ, ಮಾಮು?"

"ನಾ ಅಲ್ಲಿಗಿ ಹೋಗೇ ಇಲ್ಲೋ. ಸಮುದ್ರಾ ನೋಡೇ ಇಲ್ಲ."

ನನಗೇನೂ ಆಶ್ಚರ್ಯವಾಗಲಿಲ್ಲ. ಸಲಾಂ ಹೊಡೆಯುವ ಮೀನಿನ ಮೇಲೆ ನನಗೂ ಅನುಮಾನವಿತ್ತು. ಹಾಗಾದರೆ ಆ ಮೂರು ತಿಂಗಳು ಎಲ್ಲಿದ್ದಿರಿ ಎಂದು ಕೇಳಿದೆ. ಮಾವ ಬಗ್ಗಿ ಟಯರು ಒತ್ತಿ ನೋಡಿದರು. ಮಷೀನು ಬಿಟ್ಟ ಮೇಲೆ ಆ ಮನುಷ್ಯನ ಬಳಿ ಉಳಿದದ್ದು ಒಂದು ಹೆಸರು, ಒಂದು ಬಾಕು, ಕೇಳುವ ನಾಲ್ಕು ಜನ. ಹಣಮಪ್ಪ ಕಾಕಾ ಬಾಯಿ ಬಿಟ್ಟರೆ ಮೂರೂ ಹೋಗುತ್ತಿದ್ದವು.

ಉದ್ಯಾನದ ಹೆಸರು ಹೇಳುವುದಿಲ್ಲ. ಅಲ್ಲಿಯ ಗಾರ್ಡ್ ನಮ್ಮನ್ನು ಇನ್ನೂ ಮರೆತಿರಲಿಕ್ಕಿಲ್ಲ. ಗೇಟಿನಲ್ಲಿ ‘ಸುಲಭ ನಡಿಗೆಯ ಹಾದಿ’ ಎಂದು ಬೋರ್ಡಿತ್ತು. ನಮ್ಮ ಕಡೆ ಗಾಡಿ ಕೆಟ್ಟರೆ ಮಾತ್ರ ಜನ ನಡೆಯುತ್ತಾರೆ. ಅಲ್ಲಿ ನೋಡಿದರೆ ಟಿಕೆಟ್ ತೆಗೆಸಿ, ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ನಡೆಯುವವರ ಸಾಲು. ನಾವೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಗಂಟು ಹೊತ್ತು ಸಾಲಿಗೆ ಸೇರಿದೆವು. ಒಳಗೆ ಗಾಳಿಮರಗಳ ನೆರಳು, ಕೇದಗೆಯ ಪೊದೆ, ಅಲ್ಲಲ್ಲಿ ಕೂರಲು ಬೆಂಚು. ಮರಗಳ ಆಚೆಗೆ ಒಂದೇ ಸಮನೆ ಹೋ ಎನ್ನುವ ಸದ್ದು. ಅತ್ತೆ ಅದನ್ನು ಕೇಳಿ, ಕಲ್ಲು ಕೊರೆಯುವ ಮಷೀನು ಇಲ್ಲಿಗೂ ಬಂದದೇನು ಎಂದರು.

ಹಣಮಪ್ಪ ಕಾಕಾ ಕಾಡನ್ನೂ ನೋಡಲಿಲ್ಲ, ಕಡಲಿನ ಸದ್ದನ್ನೂ ಕೇಳಲಿಲ್ಲ. ಕಳೆದ ಉಂಗುರ ಹುಡುಕುವವರ ಹಾಗೆ ತಲೆ ಬಗ್ಗಿಸಿ ನೆಲ ನೋಡುತ್ತ ನಡೆದರು.

"ದಸ್ತಗೀರ, ಇದು ಕೆಂಪು ಕಲ್ಲದ."

"ನಮ್ಮ ಕಲ್ಲು ಮುಂದದ."

ಸ್ವಲ್ಪ ದೂರ ಹೋದ ಮೇಲೆ ಹಲಗೆ ಬಂತು.

"ಇದು ಕಟಗಿ ಅದ."

"ಮುಂದದ ಅಂದ್ನಿ ಅಲ್ಲ?"

ಆಮೇಲೆ ಬರೀ ಮಣ್ಣು ಬಂತು. ಕಾಕಾ ಸಿಳ್ಳೆ ಹಾಕಿದರು. ಮಾವನ ನಡಿಗೆ ಸಣ್ಣದಾಗುತ್ತ ಬಂತು. ನಾನು ಮನಸ್ಸಿನಲ್ಲೇ ಶಹಾಬಾದದ ಎಲ್ಲ ದರ್ಗಾಗಳಿಗೂ ಹರಕೆ ಹೊತ್ತೆ.

ಹಾದಿ ಒಂದು ತಿರುವು ತೆಗೆದುಕೊಂಡಿತು. ಮರಗಳು ಮುಗಿದವು. ಎದುರಿಗೆ ಸಮುದ್ರ. ಮತ್ತು ದಂಡೆಯ ಬಂಡೆಗಳ ತನಕ ಇಳಿಯುವ ಅಗಲವಾದ ಕಟ್ಟೆಯ ಮೇಲೆ ಹಾಸಿದ್ದದ್ದು ನಮ್ಮ ಕಲ್ಲು! ಅದೇ ಬೂದು ನೀಲಿ, ಅದೇ ಸಪಾಟು. ತಂಡದವರು ಎಲ್ಲಿ ಹಾಸಿದ್ದರೆಂದು ಮಾವನಿಗೂ ಈಗಲೇ ತಿಳಿದದ್ದು.

ಕಲ್ಲನ್ನು ಕಂಡ ಕೂಡಲೇ ನಾವು ಐವರೂ ಮಾಡಿದ್ದು ಒಂದೇ ಕೆಲಸ: ಚಪ್ಪಲಿ ಬಿಟ್ಟೆವು. ಯಾರೂ ಹೇಳಲಿಲ್ಲ. ಶಹಾಬಾದದಲ್ಲಿ ತೊಳೆದ ಫರ್ಸಿ ನೆಲ ಕಂಡರೆ ಅದು ಯಾರದೋ ಮನೆಯ ಪಡಸಾಲೆ, ಇಲ್ಲವೇ ಗುಡಿ, ಇಲ್ಲವೇ ದರ್ಗಾ. ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ. ಬೂಟು ಹಾಕಿಕೊಂಡು ಟಪಟಪ ದಾಟುತ್ತಿದ್ದ ಪ್ರವಾಸಿಗಳು ನಮ್ಮನ್ನು ನೋಡಿ, ಇಲ್ಲಿ ಯಾವ ದೇವರಿದೆ ಎಂದು ಸುತ್ತ ಹುಡುಕಿದರು.

"ಬೀಳು," ಎಂದರು ಮಾವ, ಕಾಲು ಮುಂದೆ ಮಾಡಿ.

"ಕಲ್ಲು ಇದಾವ. ನೀ ಹಾಕಿದ್ದಿ ಅಂಬೋದಕ್ಕ ಸಾಕ್ಷಿ ಏನು?" ಎಂದರು ಕಾಕಾ. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಅಲ್ಲಿಗೇ ಸುಮ್ಮನಿದ್ದರೆ ಮಾವ ಗೆದ್ದಿದ್ದರು. ಸುಮ್ಮನಿರುವ ವಿದ್ಯೆ ಅವರಿಗೆ ಯಾರೂ ಕಲಿಸಿಲ್ಲ. ಕಾಲಿನ ಕೆಳಗೆ ಊರಿನ ಕಲ್ಲು ಸಿಕ್ಕ ಮೇಲೆ ಅವರು ಸಮುದ್ರದ ಯಜಮಾನರೇ ಆಗಿಬಿಟ್ಟರು. ಆ ಬಂಡೆಯ ಮೇಲೆ ನಾವು ಅನ್ನ ಬೇಯಿಸುತ್ತಿದ್ದೆವು, ಈ ಮೂಲೆಯಲ್ಲಿ ಮಲಗುತ್ತಿದ್ದೆವು ಎಂದು ತೋರಿಸಿದ್ದೇ ತೋರಿಸಿದ್ದು. ಊಟಕ್ಕೆ ಎಲ್ಲಿ ಕೂರೋಣ ಎಂದು ಹುಮೇರಾ ಕೇಳಿದಾಗ, ನೀರಿನ ಅಂಚಿನಲ್ಲಿದ್ದ ಒಂದು ಸಪಾಟು ಬಂಡೆಗೆ ಕೈ ಮಾಡಿದರು.

"ಅಲ್ಲಿ ನೀರು ಬರ್ತದೇನು ಮತ್ತ?" ಎಂದಳು ಅವಳು.

"ಎಪ್ರಿಲ್ ತಿಂಗಳದಾಗ? ಬ್ಯಾಸಗ್ಯಾಗ ನೀರು ಎಲ್ಲೆರ ಏರ್ತದೇನು, ಹುಚ್ಚಿ! ನಾ ಮೂರು ತಿಂಗಳಾ ಇದ್ದಾಂವ ಹೇಳ್ಲಿಕತ್ತೀನಿ."

ಕಾಗಿಣಾ ದಂಡೆಯಲ್ಲಿ ಬೆಳೆದ ನಮಗೆಲ್ಲ ಇದು ತಕ್ಕಮಟ್ಟಿಗೆ ಸರಿಯಾದ ಮಾತೇ. ಹೊಳೆ ಏರುವುದು ಮಳೆಗೆ, ಅಥವಾ ಮೇಲೆಲ್ಲೋ ನೀರು ಬಿಟ್ಟರೆ. ಬಂಡೆಯ ಮೇಲೆ ಜಮಖಾನೆ ಹಾಸಿದೆವು. ಚಪ್ಪಲಿಗಳನ್ನೂ ಮಂಗ ಒಯ್ದಾವು ಎಂದು ತಂದು ಪಕ್ಕದಲ್ಲೇ ಇಟ್ಟುಕೊಂಡೆವು. ಉಂಡೆವು. ಆಮೇಲೆ ಮೇಲಿನ ಕಟ್ಟೆಯ ನೆರಳಿಗೆ ಹೋಗಿ ಅಡ್ಡಾದೆವು.

ಹುಮೇರಾಳ ಕೂಗಿಗೆ ಎದ್ದು ನೋಡುತ್ತೇವೆ, ಬಂಡೆಯೇ ಇಲ್ಲ! ಜಮಖಾನೆ ಹಡಗಿನ ಹಾಗೆ ಹೊರಟಿತ್ತು. ರೊಟ್ಟಿಯ ಡಬ್ಬಿ ಅದರ ಹಿಂದೆ. ನಮ್ಮ ಚಪ್ಪಲಿಗಳು ಜೋಡಿ ಮುರಿದುಕೊಂಡು ಒಂದೊಂದು ದಿಕ್ಕಿಗೆ ತೇಲುತ್ತಿದ್ದವು. ನಾನು ಸೊಂಟದ ತನಕ ಇಳಿದು ಹಿಡಿದದ್ದು ಒಂದೇ ಚಪ್ಪಲಿ, ಅದೂ ಬೇರೆ ಯಾರದೋ. ಗಾರ್ಡ್ ಸೀಟಿ ಊದುತ್ತ ಓಡಿ ಬಂದ.

"ಎಂಥ ಮಾಡ್ತಿದ್ದೀರಿ ಮಾರಾಯ್ರೆ? ಬೋರ್ಡು ಓದ್ಲಿಲ್ವಾ? ದಿನಾ ಎರಡು ಸಲ ನೀರು ಏರ್ತದೆ ಇಲ್ಲಿ!"

"ದಿನಾ?" ಎಂದರು ಮಾವ.

ಆ ಒಂದು ಪದ ಸಾಕಾಯಿತು. ಹಣಮಪ್ಪ ಕಾಕಾ ನಿಧಾನವಾಗಿ ಅವರ ಕಡೆ ತಿರುಗಿದರು.

"ಮೂರು ತಿಂಗಳಾ ಇಲ್ಲೇ ಉಂಡಿ, ಇಲ್ಲೇ ಮಲಗ್ದಿ. ದಿನಾ ಎರಡು ಸಲ ನೀರು ಏರೋದು ನಿನಗ ಕಾಣಲಿಲ್ಲ? ಹೇಳು, ಎಲ್ಲಿದ್ದಿ?"

ಮಾವ ತೇಲುತ್ತಿದ್ದ ಚಪ್ಪಲಿಗಳ ಕಡೆ ತಿರುಗಿ ನಿಂತರು. ನಗಬೇಕೆಂದುಕೊಂಡಿದ್ದೆ, ಆಗಲಿಲ್ಲ. ಬರಿಗಾಲಿನಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತ ಮುದುಕನನ್ನು ನೋಡಿ ಅಯ್ಯೋ ಅನಿಸಿತು.

"ಹಣಮಪ್ಪಣ್ಣಾ, ನಾ ಹೇಳ್ತೀನಿ," ಎಂದರು ಅತ್ತೆ.

"ನೀ ಸುಮ್ಮಿರು," ಎಂದರು ಮಾವ.

"ಮೂವತ್ತು ವರ್ಷ ಸುಮ್ಮಿದ್ದೀನಿ. ಸಮುದ್ರಕ್ಕ ಹೊಂಟ ಇವರ ಲಾರಿ ವಾಡಿಯಾಗ ಇನ್ನಷ್ಟು ಕಲ್ಲು ತುಂಬಲಿಕ್ಕ ನಿಂತಿತ್ತು. ಐನಾಪುರದಾಗ ತೌರಮನ್ಯಾಗ ನನಗ ಹೆರಿಗಿ ಆಗಿ, ಮ್ಯಾಲ ಏಳಲಿಕ್ಕ ಬರವಲ್ದು ಅಂತ ಅಲ್ಲಿಗಿ ಸುದ್ದಿ ಬಂತು. ಇವರು ಗಂಟು ಹಿಡಕೊಂಡು ಲಾರಿ ಇಳದು, ಚಿತ್ತಾಪುರ, ಸೇಡಂ, ಚಿಂಚೋಳಿ ಬಸ್ ಬದಲಿ ಮಾಡಕೋತ ಬಂದ್ರು. ನಮ್ಮವ್ವಗ ಕಣ್ಣು ಕಾಣ್ತಿರಲಿಲ್ಲ. ಮೂರು ತಿಂಗಳಾ ರೊಟ್ಟಿ ಬಡದಾರ, ನನ್ನ ಬಟ್ಟಿ ಒಗದಾರ, ಈ ಹುಮೇರಾಗ ಎರದಾರ, ನನಗ ಎತಗೊಂಡು ಹಿತ್ತಲಕ್ಕ ಒಯ್ದಾರ. ಗಂಡಸು ಹೆಂಡತಿ ಬಾಣಂತನ ಮಾಡ್ಯಾನ ಅಂತ ಯಾರ್ಡಿನಾಗ ಹೇಳಿದ್ರ ನೀವೆಲ್ಲ ಬದುಕಲಿಕ್ಕ ಬಿಡ್ತಿದ್ರೇನು?"

ಕಾಕಾ ಮಾವನ ಕೈಗಳನ್ನು ನೋಡಿದರು.

"ಇಲ್ಲ, ಭಾಬಿ. ಬಿಡ್ತಿರಲಿಲ್ಲ."

ಹುಮೇರಾ ಅಪ್ಪನ ತೋಳು ಹಿಡಿದುಕೊಂಡು ಅಳುತ್ತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಗಾರ್ಡ್ ಪಾಪ, ಚಪ್ಪಲಿಗಾಗಿ ಅಳುತ್ತಿದ್ದಾಳೆಂದು ತಿಳಿದು, ಗೇಟಿನ ಹತ್ತಿರ ಹವಾಯಿ ಚಪ್ಪಲಿ ಸಿಗುತ್ತವೆ ಎಂದ.

ಸುಲಭ ನಡಿಗೆಯ ಹಾದಿ ಬರಿಗಾಲಿನವರಿಗೆ ಸುಲಭವಲ್ಲ. ಹಲಗೆ ಕಾದಿತ್ತು, ಕೆಂಪು ಕಲ್ಲು ಚುಚ್ಚುತ್ತಿತ್ತು. ಕೇದಗೆಯ ಪೊದೆಯ ಬಳಿ ಮಾವ ಕುಂಟತೊಡಗಿದರು. ಹಣಮಪ್ಪ ಕಾಕಾ ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೆಳಗೆ ಕೂತು, ಅಂಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಳ್ಳು ಕಿತ್ತರು.

"ಕಾಲಿಗಿ ಬಿದ್ದಂಗ ಆಯ್ತು, ತಗೋ," ಎಂದರು.

ಊರಿಗೆ ಬಂದ ಮರುದಿನ ಖಂಡಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕಾ ಹೇಳಿದ ಹಾಗೆಯೇ ಬಾಕಿನ ಮೇಲೆ ಹತ್ತಿದರು.

"ಕಣ್ಣಾರೆ ನೋಡಿ ಬಂದೀನಿ. ದಸ್ತಗೀರ ಹಾಕಿದ ಕಲ್ಲು ಒಂದೂ ಅಲುಗಾಡಿಲ್ಲ! ಸಮುದ್ರದ ಅಲಿ ಅಂದ್ರ ಚಿಮಣಿಕಿಂತ ಮ್ಯಾಲ. ನಮ್ಮ ಚಪ್ಪಲಿ ಸೈತ ಮೀನು ನುಂಗ್ಯಾವ!"

ಹಣಮಪ್ಪ ಕಾಕಾ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಪ್ಪಾಳೆ ಬಿದ್ದವು. ಮಾವ ಎದ್ದು ನಿಂತರು.

"ಬ್ಯಾಡ ಹಣಮಪ್ಪ, ಇಳಿ. ಕೇಳ್ರಪ್ಪಾ, ನಾ ಅವಾಗ ಸಮುದ್ರಕ್ಕ ಹೋಗಿರಲಿಲ್ಲ. ಐನಾಪುರದಾಗ ಹೆಂಡತಿ ಬಾಣಂತನ ಮಾಡ್ಲಿಕತ್ತಿದ್ನಿ. ಆಕಿ ಬಟ್ಟಿ ಒಗೀತಿದ್ನಿ. ಕೂಸಿಗಿ ಎರೀತಿದ್ನಿ."

ಅಂಗಡಿಯಲ್ಲಿ ಹುಟ್ಟಿದ ನಗು ನಿಲ್ಲಲೇ ಇಲ್ಲ. ಖಂಡಪ್ಪ ಚಹದ ಜರಡಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡ.

"ಹೊಸಾದು ಸುರು ಮಾಡ್ಯಾನ ನೋಡ್ರಿ! ದಸ್ತಗೀರ ಭಾಯಿ, ಮೀನು ಸಲಾಂ ಹೊಡದದ್ದು ನಂಬೀವಿ. ಇದನ್ನ ಮಾತ್ರ ನಂಬಂಗಿಲ್ಲ."

ಮಾವ ಹಣಮಪ್ಪ ಕಾಕಾನ ಮುಖ ನೋಡಿದರು. ಕಾಕಾ ಬಾಕಿನಿಂದ ಇಳಿದು, ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು.

"ನಾ ನಂಬೀನಿ," ಎಂದರು, ಮೆಲ್ಲಗೆ. ಆಮೇಲೆ ಇಬ್ಬರಿಗೂ ಚಹ ಹೇಳಿದರು.