ಪ್ರೇಮ ಸಿಸ್ಟರ್ ಹೇಳಿದ ಸುಳ್ಳು

ಕೊಚ್ಚಿಯ ಆ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಅರಬ್ಬಿ ಮಾತಾಡುವ ರೋಗಿಗಳಿಗೆ ಮೂವರು ದುಭಾಷಿಗಳಿದ್ದಾರೆ. ಕೋಟು ಹಾಕಿಕೊಂಡು ಲಿಫ್ಟಿನ ಬಾಗಿಲಲ್ಲೇ ನಿಂತಿರುತ್ತಾರೆ. ಮಾಲ್ಡೀವ್ಸಿನಿಂದ ಬರುವವರಿಗೆ ಇನ್ನೊಬ್ಬರು. ಕನ್ನಡದವರಿಗೆ ಯಾರು? ಪ್ರೇಮ ಸಿಸ್ಟರ್. ಅವರಿಗೆ ಕೋಟಿಲ್ಲ, ಈ ಕೆಲಸಕ್ಕೆ ಸಂಬಳವೂ ಇಲ್ಲ. ಮೂರನೇ ಮಹಡಿಯ ತೀವ್ರ ನಿಗಾ ಘಟಕದಲ್ಲಿ ಡ್ಯೂಟಿ ಮಾಡುತ್ತಿರುವಾಗ ಕೆಳಗಿನಿಂದ ಫೋನು ಬರುತ್ತದೆ: "ಪ್ರೇಮ ಚೇಚಿ, ಕನ್ನಡ ಬಂದಿದೆ." ರೋಗಿ ಬಂದಿದ್ದಾನೆ ಅಂತಲ್ಲ, ಕನ್ನಡ ಬಂದಿದೆ! ಪ್ರೇಮ ಮೆಟ್ಟಿಲಿಳಿದು ಓಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಓಡುತ್ತಿದ್ದಾರೆ.

ಊರು ಕಾಸರಗೋಡಿನ ಪೆರ್ಲ. ಕನ್ನಡ ಶಾಲೆ, ಮಂಗಳೂರಿನಲ್ಲಿ ನರ್ಸಿಂಗು, ಆಮೇಲೆ ಕೊಚ್ಚಿ. ಗಂಡ ವೆಂಕಟರಮಣ ಬ್ಯಾಂಕಿನಲ್ಲಿ ಗುಮಾಸ್ತ. ಮಗಳು ಅಪರ್ಣಾ ಅಮ್ಮನ ಕನ್ನಡದ ಪ್ರಶ್ನೆಗಳಿಗೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. "ಬೈಗುಳ ಮಾತ್ರ ಎರಡೂ ಭಾಷೆಯಲ್ಲಿ ಅರ್ಥವಾಗ್ತದೆ ಅವಳಿಗೆ" ಅನ್ನುತ್ತಾರೆ ಪ್ರೇಮ.

ಅವರದೊಂದು ಅಭ್ಯಾಸ ಉಂಟು. ಪ್ರಜ್ಞೆಯಿಲ್ಲದ ರೋಗಿಗಳ ಹತ್ತಿರ ಮಾತಾಡುವುದು. "ಈಗ ಎಡ ಮಗ್ಗುಲಿಗೆ ತಿರುಗಿಸ್ತೇನೆ ಅಣ್ಣ, ಹೆದರಬೇಡಿ." "ಇವತ್ತು ಕ್ಯಾಂಟೀನಿನಲ್ಲಿ ಪುಟ್ಟು, ನೀವು ತಪ್ಪಿಸಿಕೊಂಡಿರಿ." ಘಟಕದ ಇನ್‌ಚಾರ್ಜ್ ಎಲ್ಸಮ್ಮ ಕೀಟಲೆ ಮಾಡುತ್ತಾರೆ: "ಅವನು ಉತ್ತರ ಕೊಟ್ಟರೆ ನನಗೂ ಒಂದು ಮಾತು ಹೇಳು ಪ್ರೇಮೇ, ಡಾಕ್ಟರನ್ನು ಕರೆಯಬೇಕಲ್ಲ!" ಪ್ರೇಮ ಬಿಡುವುದಿಲ್ಲ. ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗುವುದು ಅಂತ ಅವರ ನಂಬಿಕೆ.

ಒಂದು ಸೋಮವಾರ ಬೆಳಿಗ್ಗೆ ಕೆಳಗೆ ಬಂದ ಕನ್ನಡದ ಹೆಸರು ಹಾಲಪ್ಪ. ವಯಸ್ಸು ಐವತ್ತನಾಲ್ಕು, ಕುಷ್ಟಗಿ ಹತ್ತಿರದ ಹಳ್ಳಿ. ಕೊಚ್ಚಿಗೆ ಹತ್ತಿರದ ಅಂಬಲಮುಗಳ್‌ನ ರಿಫೈನರಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕಬ್ಬಿಣದ ಪೈಪಿನ ಅಟ್ಟಣಿಗೆ ಕಟ್ಟುವ ಕೆಲಸ. ರೂಮಿನಲ್ಲಿ ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ಒರಗಿಬಿಟ್ಟಿದ್ದ. ಮೆದುಳಿನಲ್ಲಿ ರಕ್ತಸ್ರಾವ. ಸೂಪರ್‌ವೈಸರ್ ಮುನಿಯಪ್ಪ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ. ಪ್ರೇಮ ಕನ್ನಡದಲ್ಲಿ ಏನು ಕೇಳಿದರೂ ಹಾಲಪ್ಪನ ನಾಲಿಗೆ ಹೊರಳಲಿಲ್ಲ. ಬಲಭಾಗ ಬಿದ್ದುಹೋಗಿತ್ತು. ಎಡಗೈ ಮಾತ್ರ ಮತ್ತೆ ಮತ್ತೆ ಎದೆಯ ಮೇಲೆ ಹೋಗುತ್ತಿತ್ತು. ಎದೆನೋವೂ ಇದೆಯೇನೋ ಅಂದುಕೊಂಡರು ಪ್ರೇಮ.

ಸ್ಕ್ಯಾನಿಗೆ ಒಯ್ಯುವ ಮೊದಲು ಮೈಮೇಲೆ ಲೋಹ ಇರಬಾರದು. ಅವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಬೆಳ್ಳಿಯ ಕರಡಿಗೆಯಿತ್ತು. ಪ್ರೇಮ ಕತ್ತರಿಯಿಂದ ದಾರ ಕತ್ತರಿಸಿದರು. ಬೆಲ್ಟು, ಮೊಬೈಲಿನ ಜೊತೆ ಕವರಿಗೆ ಹಾಕಿದರು. ರಿಜಿಸ್ಟರಿನಲ್ಲಿ 'ತಾಯಿತ, ಒಂದು' ಅಂತ ಬರೆದರು. ಮುನಿಯಪ್ಪ ಸಹಿ ಹಾಕಿ ಕವರು ತಗೊಂಡ.

ಕರಾವಳಿಯ ಕಡೆಯವರಿಗೆ ಅದು ತಾಯಿತವೇ. ಅದರೊಳಗೆ ಇಷ್ಟಲಿಂಗ ಇರುತ್ತದೆ, ದೀಕ್ಷೆಯ ದಿನ ಗುರು ಕೊಟ್ಟದ್ದನ್ನು ಲಿಂಗಾಯತರು ಸಾಯುವವರೆಗೆ ಮೈಯಿಂದ ಬಿಡುವುದಿಲ್ಲ, ಮಣ್ಣಿಗೆ ಹೋಗುವಾಗಲೂ ಎಡ ಅಂಗೈಯಲ್ಲಿ ಅದೇ ಇರಬೇಕು ಅಂತ ಪೆರ್ಲದ ಹೆಂಗಸಿಗೆ ಹೇಳಿದವರ್ಯಾರು? ನವೆಂಬರ್ ಒಂದನೇ ತಾರೀಕು ಶಾಲು ಹೊದ್ದು ಭಾಷಣ ಮಾಡುವ ನಮ್ಮ ಕನ್ನಡ ಸಂಘದ ಮಹನೀಯರು ಹೇಳಿದ್ದರೇ? ಒಂದೇ ಭಾಷೆ ಆಡಿದರೆ ಒಬ್ಬರಿಗೊಬ್ಬರು ಗೊತ್ತು ಅಂದುಕೊಂಡು ಕೂತಿದ್ದೇವೆ. ಗೊತ್ತಿಲ್ಲ ಸ್ವಾಮಿ. ಎಳ್ಳಷ್ಟೂ ಗೊತ್ತಿಲ್ಲ.

ಸ್ಕ್ಯಾನ್ ಮುಗಿಸಿ ಹಾಲಪ್ಪನನ್ನು ಪ್ರೇಮರ ಘಟಕಕ್ಕೇ ತಂದು ವೆಂಟಿಲೇಟರಿಗೆ ಹಾಕಿದ್ದರು. ಮಂಗಳವಾರ ಡಾಕ್ಟರು ಕೈಚೆಲ್ಲಿದರು. ಆಪರೇಷನ್ನಿನಿಂದ ಉಪಯೋಗವಿಲ್ಲ, ಎರಡು ದಿನ, ಹೆಚ್ಚೆಂದರೆ ಮೂರು. ಊರಿಗೆ ಹೇಳುವ ಕೆಲಸ, ಇನ್ಯಾರದು, ಪ್ರೇಮರದೇ. ಹಾಲಪ್ಪನ ಹೆಂಡತಿ ಚಂದ್ರಮ್ಮ ಕಾಲು ಮುರಿದುಕೊಂಡು ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಮೈದುನ ರೈಲು ಹತ್ತಿದ್ದ. ಅವನು ಕೊಚ್ಚಿ ಮುಟ್ಟುವುದು ಗುರುವಾರ.

ಪ್ರೇಮ ಎಲ್ಲ ಹೇಳಿದರು, ಮುಚ್ಚಿಡದೆ. ಆ ಕಡೆ ಅಳು ಬರಲಿಲ್ಲ. ಚಂದ್ರಮ್ಮ ಕೇಳಿದಳು:

"ಯವ್ವಾ, ಅವರ ಕೊಳ್ಳಾಗ ಲಿಂಗ ಐತೇನು?"

ಪ್ರೇಮರಿಗೆ ಆಗ ಗೊತ್ತಾಯಿತು. ಕತ್ತರಿ, ಕರಡಿಗೆ, ಎದೆಗೆ ಹೋಗುತ್ತಿದ್ದ ಆ ಎಡಗೈ.

"ಉಂಟು ಅಮ್ಮ, ಉಂಟು."

"ಹಂಗಾದ್ರ ಸಾಕು. ಸಣ್ಣಾಂವ ಇದ್ದಾಗ ಗುರುಗಳು ಕೊಟ್ಟದ್ದು. ಅದನ್ನ ಬಿಟ್ಟು ಒಂದ ದಿನ ನೀರು ಕುಡದಿಲ್ಲ. ಅದಿಲ್ಲದ ಉಸಿರು ಬಿಟ್ರ ಮನಿಷ್ಯಾ ದಿಕ್ಕಿಲ್ಲದ ಅಡ್ನಾಡಿ ಆಗಿ ಹೋದಂಗ್ರೀ."

ಫೋನಿಟ್ಟು ಪ್ರೇಮ ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಇದನ್ನು ಹೇಳಿದವರು ಎಲ್ಸಮ್ಮ. ಪ್ರೇಮ ತಮ್ಮ ವಿಷಯ ಯಾವತ್ತೂ ಹೇಳಿದವರಲ್ಲ.

ಹೊರಗೆ ಬಂದು ಮುನಿಯಪ್ಪನಿಗೆ ಫೋನು ಹಚ್ಚಿದರು. ಅವನು ಕೋಲಾರದವ.

"ಕವರು ಭದ್ರವಾಗೈತೆ ಮೇಡಂ. ಆದ್ರೆ ನಾನೀಗ ತಿರುವನಂತಪುರದಲ್ಲಿದೀನಿ. ತುಂಬ ಅನ್ನೋ ಊರಿನ್ ಹತ್ರ ಹೊಸಾ ಕಟ್ಟಡದ್ ಕೆಲ್ಸ. ನಿನ್ನೆ ಸಾಯಂಕಾಲನೇ ಹತ್ತು ಜನನ್ನ ಲಾರೀಗ್ ತುಂಬಿ ಕಳಿಸ್ಬಿಟ್ರು."

ಒಬ್ಬ ಕೂಲಿ ವೆಂಟಿಲೇಟರಿನ ಮೇಲೆ ಮಲಗಿದ್ದಾನೆ. ಅವನ ಜೊತೆ ಉಂಡು ಮಲಗಿದವರನ್ನು ಅದೇ ಸಂಜೆ ಲಾರಿಗೆ ತುಂಬಿ ಇನ್ನೊಂದು ಊರಿಗೆ ಸಾಗಿಸಿದ್ದಾನೆ ಗುತ್ತಿಗೆದಾರ. ಸಿಮೆಂಟ್ ಚೀಲವಾದರೂ ಒಂದು ದಿನ ಗೋದಾಮಿನಲ್ಲಿ ಸುಧಾರಿಸಿಕೊಳ್ಳುತ್ತದೆ.

"ಕೊರಿಯರ್ ಮಾಡಬಹುದಾ ಮುನಿಯಪ್ಪನವರೇ?"

"ದೇವ್ರನ್ನ ಕೊರಿಯರ್ ಮಾಡಕ್ಕಾಯ್ತದಾ ಮೇಡಂ?"

ಬುಧವಾರ ಪ್ರೇಮರ ವಾರದ ರಜೆ. ವೆಂಕಟರಮಣ ಹೇಳಿದರು: "ನಾನು ಹೋಗಿ ಬರ್ತೇನೆ ಮಾರಾಯ್ತಿ. ನಿನಗೆ ಮಲಗಲಿಕ್ಕೆ ಇರುವುದು ಅದೊಂದು ದಿವಸ."

"ಕತ್ತರಿ ಹಾಕಿದ್ದು ನೀವಾ?"

ಆಮೇಲೆ ಆ ಮನೆಯಲ್ಲಿ ಚರ್ಚೆ ನಡೆಯಲಿಲ್ಲ. ಬೆಳಗಿನ ರೈಲಿಗೆ ಹೊರಟು ಹತ್ತೂವರೆಗೆ ತಿರುವನಂತಪುರದ ತಂಪಾನೂರಿನಲ್ಲಿ ಇಳಿದರು. ಬಸ್ ಸ್ಟ್ಯಾಂಡಿನ ಎದುರು, ಚಹಾ ಅಂಗಡಿಯ ಪಕ್ಕ, ಹಳದಿ ಹೆಲ್ಮೆಟ್ಟು ಹಾಕಿಕೊಂಡೇ ಮುನಿಯಪ್ಪ ನಿಂತಿದ್ದ. ಹೊಸ ಟವಲಿನಲ್ಲಿ ಸುತ್ತಿದ ಕರಡಿಗೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದಿದ್ದ. ಒಂದು ತಾಸಿನಿಂದ ಹಾಗೇ ನಿಂತಿದ್ದನಂತೆ.

"ಬೆಂಚಿನ ಮೇಲೆ ಇಡಬಹುದಿತ್ತಲ್ಲ?"

"ಕೆಳಗಿಡಬಾರ್ದು ಅಂತ ನಮ್ ಹುಡುಗರಲ್ಲಿ ಒಬ್ಬ ಅಂದ. ಕಾಫಿನೂ ಕುಡೀಲಿಲ್ಲ, ಕೈ ಎಲ್ಲೈತೆ?" ಆಮೇಲೆ ತಲೆ ತಗ್ಗಿಸಿ ಕೇಳಿದ, "ಹಾಲಪ್ಪ ಇದಾನಾ ಮೇಡಂ?"

"ಇದ್ದಾರೆ."

"ಅವನಿಗೊಂದ್ ಮಾತ್ ಹೇಳ್ರಿ. ಮುನಿಯಪ್ಪ ಬಿಟ್ಟು ಓಡೋಗ್ಲಿಲ್ಲ, ಎತ್ತಾಕ್ಕೊಂಡ್ ಹೋದ್ರು ಅಂತ."

ಪ್ರೇಮ ಅವನಿಗೆ ಒಂದು ಕಾಫಿ ಕೊಡಿಸಿ, ಅವನು ಕುಡಿಯುವವರೆಗೆ ನಿಂತು, ಮುಂದಿನ ರೈಲು ಹತ್ತಿದರು. ಮಡಿಲಲ್ಲಿ ಕರಡಿಗೆ. ಕೊಲ್ಲಂ ದಾಟುವಾಗ ಎಲ್ಸಮ್ಮನ ಮೆಸೇಜು ಬಂತು: ರಕ್ತದೊತ್ತಡ ಇಳಿಯುತ್ತಿದೆ. ಕಾಯಂಕುಳದಲ್ಲಿ ರೈಲು ನಲವತ್ತು ನಿಮಿಷ ನಿಂತಿತು. ಎದುರಿಗೆ ಕೂತಿದ್ದ ಅಜ್ಜಿ ಬಾಳೆಕಾಯಿ ಚಿಪ್ಸು ಕೊಡಲು ಬಂದರೆ ಪ್ರೇಮ ಬೇಡವೆಂದು ತಲೆಯಾಡಿಸಿದರು. ಅವರದೂ ಎರಡೂ ಕೈ ಖಾಲಿಯಿರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ನಾಲ್ಕೂವರೆ. ಸೀರೆಯ ಮೇಲೆಯೇ ಗೌನು ಹಾಕಿಕೊಂಡು ಒಳಗೆ ಹೋದರು. ಹಾಲಪ್ಪನ ಎದೆ ಯಂತ್ರದ ತಾಳಕ್ಕೆ ಏರಿಳಿಯುತ್ತಿತ್ತು. ಇದ್ದ.

"ಕುತ್ತಿಗೆಯಲ್ಲಿ ಮದ್ದಿನ ನಳಿಗೆ ಉಂಟು ಪ್ರೇಮೇ, ಅಲ್ಲಿ ಏನೂ ಕಟ್ಟುವ ಹಾಗಿಲ್ಲ" ಅಂದರು ಎಲ್ಸಮ್ಮ. ಒಂದು ಗಳಿಗೆ ಯೋಚಿಸಿ, "ರೂಲು ಇರುವುದು ಕುತ್ತಿಗೆಗೆ. ಕೈಯ ಬಗ್ಗೆ ನಾನು ಯಾವ ರೂಲೂ ಓದಿಲ್ಲ" ಅಂತ ಪರದೆ ಎಳೆದು ಹೊರಗೆ ಕಾವಲು ನಿಂತರು.

ಪ್ರೇಮ ಊರಿಗೆ ವಿಡಿಯೋ ಕರೆ ಮಾಡಿದರು. ಫೋನಿನ ಪರದೆಯ ಮೇಲೆ ಚಂದ್ರಮ್ಮನ ಮುಖ, ದಿಂಬು, ಹಿಂದೆ ಸುಣ್ಣದ ಗೋಡೆ.

"ಅಮ್ಮ, ನಾನು ನಿನ್ನೆ ಸುಳ್ಳು ಹೇಳಿದ್ದು. ಲಿಂಗ ಇವರ ಕೊರಳಲ್ಲಿ ಇರಲಿಲ್ಲ. ದಾರ ಕತ್ತರಿಸಿದವಳು ನಾನೇ. ಅದೆಂತದು ಅಂತ ಗೊತ್ತಿರಲಿಲ್ಲ."

"ನೀ ಸುಳ್ಳು ಹೇಳಿದ್ದು ನಂಗ ಗೊತ್ತಿತ್ತು ತಗೋ."

"ಹೇಗೆ?"

"ಉಂಟು ಉಂಟು ಅಂತ ಎರಡ ಸಲ ಅಂದಿ. ಒಂದ ಸಲ ಅಂದಿದ್ರ ನಂಬತಿದ್ದೆ. ರಾತ್ರಿಯೆಲ್ಲ ಕಣ್ಣು ಹತ್ತಿಲ್ಲ ನಂಗ." ಮುಖ ಫೋನಿನ ಹತ್ತಿರಕ್ಕೆ ಬಂತು. "ಈಗೆಲ್ಲಿ ಐತಿ?"

"ನನ್ನ ಕೈಯಲ್ಲಿ ಉಂಟು."

"ಮತ್ಯಾಕ ನಿಂತಿ? ಕೊಡು ಅವರಿಗೆ."

"ನಾನು ಮುಟ್ಟಬಹುದಾ ಅಮ್ಮ? ನಾನು ನಿಮ್ಮವಳಲ್ಲ."

"ಮೂರು ದಿನದಿಂದ ಅವರ ಹೇಲು ಉಚ್ಚಿ ಬಳದಾಕಿ ಯಾರು? ನಾ ಮಾಡಬೇಕಾದ್ದು ನೀ ಮಾಡೀದಿ. ನೀ ನಮ್ಮಾಕಿ ಅಲ್ಲದ ಇನ್ಯಾರು? ತೆಗಿ, ಅಂಗೈಯಾಗ ಇಡು."

ಪ್ರೇಮ ಕರಡಿಗೆ ಬಿಚ್ಚಿದರು. ಕಪ್ಪಗೆ ಮಿರುಗುವ ಲಿಂಗವನ್ನು ಹಾಲಪ್ಪನ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಬೆರಳಿಗೆ ಹಿಡಿಯುವ ಶಕ್ತಿ ಇರಲಿಲ್ಲ. ಅದಕ್ಕೆ ಸೂಜಿ ನಿಲ್ಲಿಸುವ ಬಿಳಿ ಟೇಪಿನಿಂದ ಮುಷ್ಟಿಯನ್ನು ಸಡಿಲವಾಗಿ ಸುತ್ತಿದರು. ಫೋನನ್ನು ಆ ಕೈಯ ಹತ್ತಿರ ಹಿಡಿದರು. ಚಂದ್ರಮ್ಮ ತುಂಬಾ ಹೊತ್ತು ನೋಡಿದಳು. ಅತ್ತಳು ಕೂಡ, ಮೊದಲ ಸಲ. ಫೋನಿಟ್ಟ ಮೇಲೆ ಪ್ರೇಮ ಬಗ್ಗಿ ಕಿವಿಯಲ್ಲಿ ಮುನಿಯಪ್ಪನ ಮಾತನ್ನೂ ಹೇಳಿದರು, ಅಕ್ಷರ ಬಿಡದೆ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಲಪ್ಪ ಹೋದ. ಆ ಹೊತ್ತಿಗೆ ಪ್ರೇಮ ಅವನ ಕಿವಿಗೆ ಫೋನು ಹಿಡಿದಿದ್ದರು, ಆ ಕಡೆ ಹೆಂಡತಿ ಮಾತಾಡುತ್ತಿದ್ದಳು. ಏನು ಮಾತಾಡಿದಳು ಅಂತ ಪ್ರೇಮ ಎಲ್ಸಮ್ಮನಿಗೂ ಹೇಳಿಲ್ಲ.

ಶವಾಗಾರದ ಫಾರಂನಲ್ಲಿ ಅಚ್ಚಾದ ಒಂದು ಸಾಲಿದೆ: ಮೈಮೇಲಿನ ವಸ್ತುಗಳನ್ನೆಲ್ಲ ತೆಗೆಯಲಾಗಿದೆ. ಅದನ್ನು ಪ್ರೇಮ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಲ್ಲಿಯ ಗುಮಾಸ್ತ ತಕರಾರು ತೆಗೆದ. "ಎಡಗೈ ಮುಟ್ಟಿದರೆ ನಿನ್ನ ಕೈ ಮುರೀತೇನೆ" ಅಂತ ಶುದ್ಧ ಮಲಯಾಳದಲ್ಲಿ ಹೇಳಿ, ಗೆರೆಯ ಪಕ್ಕ ಸಹಿ ಹಾಕಿದರು. ಸಂಜೆ ಮೈದುನ ಬಂದ. ಆಂಬುಲೆನ್ಸ್ ಹೊರಡುವವರೆಗೆ ಪ್ರೇಮ ಗೇಟಿನಲ್ಲೇ ನಿಂತಿದ್ದರು.

ವಾರದ ಮೇಲೆ ಚಂದ್ರಮ್ಮ ಫೋನು ಮಾಡಿದಳು. ಮಣ್ಣು ಮಾಡುವಾಗ ಅವಳನ್ನು ಮಂಚದ ಸಮೇತ ಹೊತ್ತುಕೊಂಡು ಹೋಗಿದ್ದರಂತೆ.

"ಮುಷ್ಟಿ ಹಂಗ ಇತ್ತು ಯವ್ವಾ. ಸ್ವಾಮಿಗಳು ಬಿಚ್ಚಾಕ ಹೋದ್ರು, ಇದೇನಿದು ಬಿಳೀ ಪಟ್ಟಿ ಅಂದ್ರು. ನಮ್ಮ ಹುಡುಗಿ ಕಟ್ಟ್ಯಾಳ, ಇರಲಿ ಬಿಡ್ರಿ ಅಂದೆ. ಹಂಗ ಒಳಗ ಇಳಿಸಿದ್ರು."